ದೇವರೊಂದಿಗೆ ಒಡನಾಟ: ಕ್ರೈಸ್ತ ವಿಶ್ವಾಸದ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು ಕಡೆಯ ಒಂದು ಕ್ರೈಸ್ತ ಸಭೆಯಲ್ಲಿ (ಚರ್ಚಿನಲ್ಲಿ) ಬಹಳ ವರ್ಷಗಳಿಂದ ಸಂಡೇ ಸ್ಕೂಲ್ ಮಕ್ಕಳಿಗೆ ಪಾಠ ಹೇಳುತ್ತ, ವಾರದ ನಡುವಿನ ಮನೆ ಕೂಟಗಳಲ್ಲಿ ಕುಳಿತುಕೊಳ್ಳುತ್ತ ಬಂದಿದ್ದೇನೆ. ಜನರು ಕೂಟದಲ್ಲಿ ಎಲ್ಲರ ಮುಂದೆ ಕೇಳುವ ಪ್ರಶ್ನೆಗಳಿಗಿಂತ, ಕೊನೆಯ ಆಮೆನ್ ಆಗಿ ಚಹಾದ ಲೋಟ ಕೈಗೆ ಬಂದ ಮೇಲೆ ದನಿ ತಗ್ಗಿಸಿ ಕೇಳುವ ಪ್ರಶ್ನೆಗಳೇ ನನ್ನ ನೆನಪಿನಲ್ಲಿ ಹೆಚ್ಚು ಉಳಿದಿವೆ. ಅಂತಹವುಗಳಲ್ಲಿ ಕೆಲವನ್ನು ಇಲ್ಲಿ ಬರೆದಿದ್ದೇನೆ. ನಾನು ದೇವಶಾಸ್ತ್ರದ ಪದವಿ ಪಡೆದವನಲ್ಲ, ಸಭಾಪಾಲಕನೂ ಅಲ್ಲ. ಪ್ರೊಟೆಸ್ಟಂಟ್ ಮನೆತನದವನಾದ್ದರಿಂದ ನನ್ನ ಮಾತಿನಲ್ಲಿ ಆ ವಾಸನೆ ಇರುತ್ತದೆ. ಕಥೋಲಿಕ ಓದುಗರು ತಮ್ಮ ರೂಢಿಗೆ ತಕ್ಕಂತೆ ಹೊಂದಿಸಿಕೊಂಡು ಓದಬೇಕೆಂದು ಕೋರುತ್ತೇನೆ.

ದೇವರೊಂದಿಗೆ ವೈಯಕ್ತಿಕ ಸಂಬಂಧ ಎಂದರೆ ಏನು? ಕ್ರೈಸ್ತ ಮನೆಯಲ್ಲಿ ಹುಟ್ಟಿ, ದೀಕ್ಷಾಸ್ನಾನ ಪಡೆದು, ಭಾನುವಾರ ತಪ್ಪದೆ ಆರಾಧನೆಗೆ ಹೋದರೆ ಸಾಲದೇ?

‘ಸಂಬಂಧ’ ಎಂಬ ಮಾತು ಆರಾಧನೆಯ ಉಪದೇಶಗಳಾದ ನಮ್ಮ ಪ್ರಸಂಗಗಳಲ್ಲಿ ಬಳಸಿ ಬಳಸಿ ಸವೆದುಹೋಗಿದೆ. ಸಂಬಂಧ ಹುಟ್ಟಿನಿಂದಲೂ ಬರುತ್ತದೆ. ದಾಯಾದಿಗಳೂ ನಮಗೆ ಸಂಬಂಧಿಕರೇ, ಆದರೆ ಅವರನ್ನು ನಾವು ಕಾಣುವುದು ಮದುವೆಯಲ್ಲಿ, ಇಲ್ಲವೇ ಸಾವಿನ ಮನೆಯಲ್ಲಿ. ಆದ್ದರಿಂದ ನಾನು ‘ಒಡನಾಟ’ ಎಂಬ ಮಾತನ್ನು ಹೆಚ್ಚು ಇಷ್ಟಪಡುತ್ತೇನೆ. ಒಡನಾಟಕ್ಕೆ ದಿನನಿತ್ಯದ ಬಳಕೆ ಬೇಕು, ಮಾತು ಬೇಕು, ಕೆಲವೊಮ್ಮೆ ಜಗಳವೂ ಮೌನವೂ ಬೇಕು.

ಇದನ್ನು ತಮ್ಮ ಬದುಕಿನಲ್ಲಿ ಸ್ಪಷ್ಟವಾಗಿ ಗುರುತಿಸಿಕೊಂಡವರಲ್ಲಿ ಪಂಡಿತಾ ರಮಾಬಾಯಿ ಒಬ್ಬರು. ಅವರು ಹುಟ್ಟಿದ್ದು 1858ರಲ್ಲಿ, ನಮ್ಮದೇ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಊರಿನವರ ವಿರೋಧವನ್ನು ಲೆಕ್ಕಿಸದೆ ಹೆಂಡತಿಗೆ ಸಂಸ್ಕೃತ ಕಲಿಸಿದವರು. ಆ ತಾಯಿಯಿಂದ ಮಗಳಿಗೆ ಸಂಸ್ಕೃತ ಬಂದಿತು. ಕುಟುಂಬವು ಪುರಾಣ ಹೇಳುತ್ತ ತೀರ್ಥಕ್ಷೇತ್ರಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿತು, ಬರಗಾಲದಲ್ಲಿ ತಂದೆ ತಾಯಿ ಇಬ್ಬರೂ ತೀರಿಕೊಂಡರು, ಕಲ್ಕತ್ತೆಯ ವಿದ್ವಾಂಸರು ಈ ಹೆಣ್ಣುಮಗಳಿಗೆ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದು ಕೊಟ್ಟರು. 1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ಅವರು ದೀಕ್ಷಾಸ್ನಾನ ಪಡೆದರು. ಕಣ್ಣುಮುಚ್ಚಿ ನಂಬಿದವರೇನೂ ಅಲ್ಲ. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರೆಂಬ ತ್ರಿತ್ವದ ಬೋಧನೆಯ ವಿಷಯದಲ್ಲಿ ತಮಗೆ ಆಶ್ರಯ ಕೊಟ್ಟವರೊಂದಿಗೇ ವಾದಿಸಿದವರು. ಆದರೂ ಸುಮಾರು 8 ವರ್ಷಗಳ ನಂತರ, ತಮಗೆ ಕ್ರೈಸ್ತ ಧರ್ಮವೇನೋ ಸಿಕ್ಕಿದೆ, ಆ ಧರ್ಮದ ಜೀವವಾಗಿರುವ ಕ್ರಿಸ್ತನು ಸಿಕ್ಕಿಲ್ಲ ಎಂಬುದು ಅವರಿಗೆ ಅರಿವಾಯಿತು. ಮುಂದೆ ತಮ್ಮ ಸಾಕ್ಷಿಯಲ್ಲಿ ಅವರೇ ಇದನ್ನು ಮುಚ್ಚುಮರೆಯಿಲ್ಲದೆ ಬರೆದರು. ತಿಳಿವಳಿಕೆ ಇತ್ತು, ದೀಕ್ಷಾಸ್ನಾನ ಆಗಿತ್ತು, ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದಾಗಿತ್ತು. ಇಷ್ಟಿದ್ದ ಮೇಲೂ ಏನೋ ಒಂದು ಇಲ್ಲ ಎಂದು ಹೇಳಿಕೊಳ್ಳಲು ಎದೆಗಾರಿಕೆ ಬೇಕು. ಹುಟ್ಟು ಕ್ರೈಸ್ತರಾದ ನಮ್ಮಲ್ಲಿ ಅದು ಕಡಿಮೆ ಎಂದೇ ನನ್ನ ಅನಿಸಿಕೆ.

ಇದು ಪಾಶ್ಚಾತ್ಯ ಮಿಷನರಿಗಳು ತಂದ ಮಾತಲ್ಲವೇ? ಹಳೆಯ ಸಭೆಯಲ್ಲಿ ಇಂತಹ ಬೋಧನೆ ಇತ್ತೇ?

ಮಾತಿನ ರೂಪ ಹೊಸದು, ವಿಷಯ ಹಳೆಯದು. ಜರ್ಮನಿಯ ಲೂಥರನ್ ಸಭೆಗಳಲ್ಲಿ ಬೋಧನೆ ಸರಿಯಾಗಿದ್ದರೂ ಬದುಕು ಬಣಗುಡುತ್ತಿದೆ ಎಂದು ಕೊರಗಿದ ಫಿಲಿಪ್ ಯಾಕೋಬ್ ಸ್ಪೇನರ್ 1675ರಲ್ಲಿ ಒಂದು ಸಣ್ಣ ಹೊತ್ತಗೆ ಬರೆದರು. ಮನೆಗಳಲ್ಲಿ ಸೇರಿ ವಾಕ್ಯ ಓದಿ ಪ್ರಾರ್ಥಿಸುವ ಪಯಟಿಸ್ಟ್ ಚಳವಳಿ ಅಲ್ಲಿಂದ ಬಲಗೊಂಡಿತು. ಅದೇ ಪರಂಪರೆಯವರು 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಕಟ್ಟಿದ ಮಿಷನ್, 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರನ್ನು ಮಂಗಳೂರಿಗೆ ಕಳುಹಿಸಿತು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಮೋಗ್ಲಿಂಗ್, ನಿಘಂಟಿನ ಕಿಟೆಲ್ ಇಬ್ಬರೂ ಈ ಬಳ್ಳಿಯ ಹೂಗಳೇ. ಕನ್ನಡ ನಾಡು ಅವರನ್ನು ಪತ್ರಿಕೆಗಾಗಿ, ನಿಘಂಟಿಗಾಗಿ ನೆನೆಯುತ್ತದೆ, ನೆನೆಯಲೂ ಬೇಕು. ಆದರೆ ಅವರನ್ನು ಇಲ್ಲಿಯವರೆಗೆ ಎಳೆದು ತಂದದ್ದು ಈ ಒಳಗಿನ ಭಕ್ತಿಯೇ. ಆದ್ದರಿಂದ ನಮ್ಮ ಕರಾವಳಿಯ ಮತ್ತು ಉತ್ತರ ಕರ್ನಾಟಕದ ಬಾಸೆಲ್ ಮಿಷನ್ ಸಭೆಗಳಲ್ಲಿ ‘ಕರ್ತನೊಂದಿಗೆ ಅನ್ಯೋನ್ಯತೆ’ ಎಂಬ ಮಾತು ಅಷ್ಟು ಸಲೀಸಾಗಿ ಬರುವುದಕ್ಕೆ ಇಂತಹದೊಂದು ಚರಿತ್ರೆಯಿದೆ.

ಹಾಗೆಂದು ಅನ್ಯೋನ್ಯತೆಯನ್ನು ಜರ್ಮನಿಯವರು ಕಂಡುಹಿಡಿದರು ಎಂದೇನೂ ಅಲ್ಲ. ಉತ್ತರ ಆಫ್ರಿಕಾದ ಬಿಷಪ್ ಅಗಸ್ಟೀನರು 4ನೆಯ ಶತಮಾನದ ಕೊನೆಯಲ್ಲಿ ತಮ್ಮ ಬದುಕಿನ ಕಥೆಯನ್ನು ಬರೆಯಲು ಕುಳಿತಾಗ ಆ ಇಡೀ ಗ್ರಂಥವನ್ನು ದೇವರನ್ನೇ ಉದ್ದೇಶಿಸಿ, ಪ್ರಾರ್ಥನೆಯ ರೂಪದಲ್ಲಿ ಬರೆದರು. ಓದುಗರಾದ ನಾವು ಮರೆಯಲ್ಲಿ ನಿಂತು ಕೇಳಿಸಿಕೊಳ್ಳುವವರು ಮಾತ್ರ. ಅವರಿಗಿಂತಲೂ ಎಷ್ಟೋ ಹಿಂದೆ, ಮನುಷ್ಯನು ಸ್ನೇಹಿತನೊಡನೆ ಮಾತನಾಡುವಂತೆ ಯೆಹೋವನು ಮೋಶೆಯ ಸಂಗಡ ಮುಖಾಮುಖಿಯಾಗಿ ಮಾತನಾಡುತ್ತಿದ್ದನೆಂದು ವಿಮೋಚನಕಾಂಡದ 33ನೆಯ ಅಧ್ಯಾಯ ಹೇಳುತ್ತದೆ.

ದೇವರನ್ನು ‘ನೀನು’ ಎಂದು ಏಕವಚನದಲ್ಲಿ ಕರೆಯುವುದು ಅಗೌರವವಲ್ಲವೇ? ಪಾಸ್ಟರನ್ನು ‘ನೀವು’ ಎನ್ನುತ್ತೇವೆ.

ಈ ಪ್ರಶ್ನೆಯನ್ನು ಕೇಳಿದವಳು 10 ವರ್ಷದ ಹುಡುಗಿ, ಮತ್ತು ಅದಕ್ಕೆ ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ.

ಹೀಬ್ರೂ ಮತ್ತು ಗ್ರೀಕ್ ಮೂಲಗಳಲ್ಲಿ ನಮ್ಮಲ್ಲಿರುವಂತಹ ಗೌರವದ ಬಹುವಚನವಿಲ್ಲ. 1831ರ ಹೊತ್ತಿಗೆ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರು ಇಡೀ ಬೈಬಲನ್ನು ಕನ್ನಡಕ್ಕೆ ತಂದರು. ನಮ್ಮ ಬೈಬಲಿನಲ್ಲಿ ದೇವರಿಗೆ ಸಲ್ಲುವುದು ‘ನೀನು’, ‘ನಿನ್ನ ನಾಮವು’ ಎಂಬ ಏಕವಚನವೇ. ಕನ್ನಡಿಗರಿಗೆ ಅದು ಕಿವಿಗೆ ಒರಟಾಗಿ ಕೇಳಿಸುವುದಿಲ್ಲ, ಏಕೆಂದರೆ ವಚನಕಾರರೂ ದಾಸರೂ ತಮ್ಮ ದೈವವನ್ನು ಹಾಗೆಯೇ ಕರೆದಿದ್ದರು. ಮಂಗಳೂರಿನ ಕಥೋಲಿಕರು ಕೊಂಕಣಿಯಲ್ಲಿ ‘ಆಮ್ಚ್ಯಾ ಬಾಪಾ’ ಎಂದು ಆರಂಭಿಸಿ ‘ತುಜೆಂ’ ಎನ್ನುತ್ತಾರೆ, ಅದೂ ಏಕವಚನವೇ. ನಮ್ಮ ಭಾಷೆಯಲ್ಲಿ ‘ನೀವು’ ಗೌರವವನ್ನು ತೋರಿಸುತ್ತದೆ, ಜೊತೆಗೆ ಅಂತರವನ್ನೂ ಇಡುತ್ತದೆ. ಅಧಿಕಾರಿಗೆ, ಬೀಗರಿಗೆ, ಹೊಸಬರಿಗೆ ‘ನೀವು’; ಅಮ್ಮನಿಗೆ ‘ನೀನು’. ಅಮ್ಮನಿಗೆ ಹಾಗೆನ್ನುವಾಗ ಗೌರವ ಕಡಿಮೆಯಾಯಿತೆಂದು ಯಾರಿಗೂ ಅನಿಸುವುದಿಲ್ಲ.

ಯೇಸು ತಾನು ಸೆರೆಯಾದ ರಾತ್ರಿ ಗೆತ್ಸೇಮನೆ ತೋಟದ ಪ್ರಾರ್ಥನೆಯಲ್ಲಿ ಬಳಸಿದ ‘ಅಬ್ಬಾ’ (ತಂದೆ) ಎಂಬ ಅರಾಮಿಕ್ ಮಾತನ್ನು ಸುವಾರ್ತೆ ಬರೆದ ಮಾರ್ಕನು ಅನುವಾದದೊಂದಿಗೆ ಹಾಗೆಯೇ ಉಳಿಸಿಕೊಂಡಿದ್ದಾನೆ. ಅಪೊಸ್ತಲನಾದ ಪೌಲನೂ ರೋಮಾಪುರದವರಿಗೆ ಮತ್ತು ಗಲಾತ್ಯದವರಿಗೆ ಬರೆದ ಪತ್ರಿಕೆಗಳಲ್ಲಿ ಅದನ್ನು ಉಳಿಸಿದ್ದಾನೆ. ಅದು ತೊದಲು ನುಡಿಯ ಮಗುವಿನ ಮಾತು ಎಂದು ಪ್ರಸಂಗಗಳಲ್ಲಿ ಹೇಳುವುದುಂಟು, ಆದರೆ ಬೆಳೆದ ಮಕ್ಕಳೂ ಅದನ್ನು ಬಳಸುತ್ತಿದ್ದರು. ಕನ್ನಡದ ‘ಅಪ್ಪ’ ಇದಕ್ಕೆ ಬಹಳ ಹತ್ತಿರ: 5 ವರ್ಷದ ಮಗುವಿನ ಬಾಯಲ್ಲೂ ಅದೇ, 50 ವರ್ಷದ ಮಗನ ಬಾಯಲ್ಲೂ ಅದೇ. ಸಲಿಗೆ ಇದೆ, ಆದರೆ ಆ ಸಲಿಗೆಯಲ್ಲಿ ಮಾತು ಮೀರುವ ಧೈರ್ಯವಿಲ್ಲ.

ಪ್ರಾರ್ಥನೆಗೆ ಕುಳಿತರೆ ಮಾತೇ ಬರುವುದಿಲ್ಲ. ಸಭೆಯಲ್ಲಿ ಕೆಲವರು ಅರ್ಧ ಗಂಟೆ ನಿರರ್ಗಳವಾಗಿ ಪ್ರಾರ್ಥಿಸುತ್ತಾರೆ. ನನ್ನದು ಪ್ರಾರ್ಥನೆಯೇ ಅಲ್ಲವೇನೋ ಎನಿಸುತ್ತದೆ.

ಬೈಬಲಿನ ಸಮುವೇಲನ ಮೊದಲನೆಯ ಪುಸ್ತಕದಲ್ಲಿರುವ ಹನ್ನಳ ಕಥೆಯನ್ನು ಮತ್ತೊಮ್ಮೆ ಓದಿರಿ. ಮಕ್ಕಳಿಲ್ಲದ ಹೆಣ್ಣು, ಸವತಿಯ ಕೊಂಕು ಮಾತು, ಹಬ್ಬದ ಊಟ ಗಂಟಲಲ್ಲಿ ಇಳಿಯದ ಸ್ಥಿತಿ. ಶಿಲೋವಿನ ಆಲಯದಲ್ಲಿ ಅವಳು ಪ್ರಾರ್ಥಿಸುವಾಗ ತುಟಿಗಳು ಮಾತ್ರ ಅಲುಗಾಡುತ್ತಿದ್ದವು, ಧ್ವನಿ ಕೇಳಿಸುತ್ತಿರಲಿಲ್ಲ. ಬಾಗಿಲ ಬಳಿ ಕುಳಿತಿದ್ದ ಯಾಜಕ ಏಲಿಯು ಅವಳನ್ನು ಕುಡಿದವಳೆಂದು ತಿಳಿದು ಗದರಿದನು. ಪ್ರಾರ್ಥನೆಯನ್ನು ಗುರುತಿಸುವುದೇ ಕೆಲಸವಾಗಿದ್ದ ಮನುಷ್ಯನಿಗೆ ಆ ಪ್ರಾರ್ಥನೆ ಗುರುತು ಸಿಗಲಿಲ್ಲ, ದೇವರಿಗೆ ಸಿಕ್ಕಿತು. ಆದುದರಿಂದ ಬೇರೆಯವರ ಅರ್ಧ ಗಂಟೆಯೊಂದಿಗೆ ನಿಮ್ಮ ಎರಡು ನಿಮಿಷವನ್ನು ತೂಗಬೇಡಿರಿ. ಹೆಚ್ಚು ಮಾತನಾಡಿದರೆ ದೇವರು ಕೇಳುತ್ತಾನೆಂಬ ಎಣಿಕೆಯನ್ನು ಯೇಸುವೇ ಮತ್ತಾಯನ 6ನೆಯ ಅಧ್ಯಾಯದಲ್ಲಿ ತಳ್ಳಿಹಾಕಿದ್ದಾನೆ.

ಮಾತು ಬರದಿರುವುದಕ್ಕೆ ನಾನು ಕಂಡ ದೊಡ್ಡ ಕಾರಣವೆಂದರೆ, ನಾವು ದೇವರ ಮುಂದೆ ಒಳ್ಳೆಯವರಂತೆ ಮಾತನಾಡಲು ಹೋಗುತ್ತೇವೆ. ಅಣ್ಣನ ಮೇಲೆ ಆಸ್ತಿಯ ಸಿಟ್ಟು ಹೊಗೆಯಾಡುತ್ತಿರುವಾಗ ಬಾಯಲ್ಲಿ ‘ಸರ್ವಲೋಕದ ಸಮಾಧಾನಕ್ಕಾಗಿ’ ಎಂಬ ಪ್ರಾರ್ಥನೆ ಬಂದರೆ ಅದು ಎರಡನೆಯ ವಾಕ್ಯಕ್ಕೇ ಬತ್ತಿಹೋಗುವುದು ಸಹಜ. ಬೈಬಲಿನ ಕೀರ್ತನೆಗಾರರಿಗೆ ಈ ಸಂಕೋಚವಿರಲಿಲ್ಲ. 13ನೆಯ ಕೀರ್ತನೆಯ ಮೊದಲ ಎರಡು ವಚನಗಳಲ್ಲೇ ‘ಇನ್ನೆಷ್ಟು ಕಾಲ’ ಎಂಬ ಅಳಲು ನಾಲ್ಕು ಬಾರಿ ಬರುತ್ತದೆ. ಸಿಟ್ಟಿದ್ದರೆ ಸಿಟ್ಟಿನಿಂದಲೇ ಆರಂಭಿಸಿರಿ. ಅದೂ ಆಗದಿದ್ದರೆ ಸುಮ್ಮನೆ ಕುಳಿತಿರಿ. ಮಾತಿಲ್ಲದ ನರಳಾಟದಲ್ಲಿ ಪವಿತ್ರಾತ್ಮನೇ ನಮಗಾಗಿ ಬೇಡುತ್ತಾನೆಂದು ಪೌಲನು ರೋಮಾಪುರದವರಿಗೆ ಬರೆದಿದ್ದಾನೆ.

ಪುಸ್ತಕದಲ್ಲಿ ಅಚ್ಚಾದ ಪ್ರಾರ್ಥನೆಯನ್ನು ಓದುವುದು, ಜಪಸರ ಹೇಳುವುದು ಯಾಂತ್ರಿಕವಲ್ಲವೇ?

ಯಾಂತ್ರಿಕವಾಗಬಹುದು, ಸ್ವಂತ ಮಾತಿನ ಪ್ರಾರ್ಥನೆಯೂ ಹಾಗಾಗಬಹುದು. ನಮ್ಮ ಕೂಟಗಳಲ್ಲಿ ‘ಸ್ವಂತ’ ಎನಿಸಿಕೊಂಡ ಎಷ್ಟೋ ಪ್ರಾರ್ಥನೆಗಳು ವರ್ಷಗಟ್ಟಲೆ ಅದೇ ಹತ್ತು ವಾಕ್ಯಗಳಲ್ಲಿ ಸುತ್ತುತ್ತಿರುತ್ತವೆ, ನನ್ನದೂ ಸೇರಿ. ಶಿಷ್ಯರು ಪ್ರಾರ್ಥಿಸುವುದನ್ನು ಕಲಿಸೆಂದು ಕೇಳಿದಾಗ ಯೇಸು ಅವರಿಗೆ ಕೊಟ್ಟದ್ದು ಬಾಯಿಪಾಠ ಮಾಡಬಹುದಾದ ಒಂದು ಪ್ರಾರ್ಥನೆಯನ್ನೇ.

ಬೆಳಿಗ್ಗೆ ಐದಕ್ಕೆ ಎದ್ದರೆ ರಾತ್ರಿ ಹತ್ತರವರೆಗೆ ಬಿಡುವಿಲ್ಲ. ದೇವರೊಂದಿಗೆ ಒಡನಾಟಕ್ಕೆ ಸಮಯವೆಲ್ಲಿದೆ?

ಈ ಪ್ರಶ್ನೆಯನ್ನು ಹೆಚ್ಚಾಗಿ ಕೇಳುವವರು ಹೆಂಗಸರು, ಅದರಲ್ಲೂ ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುವವರು. ‘ಇನ್ನೂ ಒಂದು ಗಂಟೆ ಮುಂಚೆ ಏಳಿರಿ’ ಎಂದು ಅವರಿಗೆ ಉಪದೇಶಿಸುವ ಗಂಡಸರನ್ನು ಕಂಡಿದ್ದೇನೆ. ಆ ಉಪದೇಶಕರ ಮನೆಯಲ್ಲಿ ಬೆಳಗಿನ ಅಡುಗೆಯನ್ನು ಯಾರು ಮಾಡುತ್ತಾರೆಂಬುದೂ ನನಗೆ ಗೊತ್ತು.

17ನೆಯ ಶತಮಾನದ ಪ್ಯಾರಿಸಿನಲ್ಲಿ ಬ್ರದರ್ ಲಾರೆನ್ಸ್ ಎಂಬ ಸನ್ಯಾಸಿಯಿದ್ದರು. ಮೊದಲು ಸೈನಿಕ, ಕಾಲು ಕುಂಟು, ಹೆಚ್ಚಿನ ಓದು ಇಲ್ಲ. ಕಾರ್ಮೆಲ್ ಮಠ ಸೇರಿದಾಗ ಅವರ ಪಾಲಿಗೆ ಬಂದದ್ದು ಅಡುಗೆಮನೆ, ಅದು ಅವರಿಗೆ ಸ್ವಭಾವತಃ ಹಿಡಿಸದ ಕೆಲಸ. ಆದರೆ ಪಾತ್ರೆಗಳ ಸದ್ದು, ಒಂದೇ ಸಮನೆ ಕೂಗುವ ಜನ ಇವುಗಳ ನಡುವೆಯೇ ಅವರು ದೇವರ ಕಡೆಗೆ ಮನಸ್ಸನ್ನು ಮತ್ತೆ ಮತ್ತೆ ತಿರುಗಿಸುವ ಅಭ್ಯಾಸ ಮಾಡಿಕೊಂಡರು. ಆ ಅಭ್ಯಾಸ ಕೂಡಿಬರಲು ವರ್ಷಗಳೇ ಹಿಡಿದವು, ಮನಸ್ಸು ಅಲೆದಾಗ ತಮ್ಮನ್ನು ಬೈದುಕೊಳ್ಳದೆ ಸುಮ್ಮನೆ ಹಿಂದಿರುಗಿದರು. ಅವರ ಪತ್ರಗಳು ಮತ್ತು ಮಾತುಗಳು ಅಚ್ಚಾದದ್ದು 1691ರಲ್ಲಿ ಅವರು ತೀರಿಕೊಂಡ ಮೇಲೆ. ಅವರಿಗಿಂತ ಹಿಂದೆ, ಸ್ಪೇನಿನ ಆವಿಲಾದ ಸಂತ ತೆರೇಸಾ ಕೂಡ ತಮ್ಮ ಸಹೋದರಿಯರಿಗೆ, ಕರ್ತನು ಅಡುಗೆಮನೆಯ ಪಾತ್ರೆಗಳ ನಡುವೆಯೂ ನಡೆದಾಡುತ್ತಾನೆ ಎಂದಿದ್ದರು.

ನನ್ನ ಅಮ್ಮನಿಗೆ ಈ ಇಬ್ಬರ ಹೆಸರೂ ಗೊತ್ತಿರಲಿಲ್ಲ. ಎಸರು ಕುದಿಯಲು ಇಟ್ಟು, ರಾಗಿ ಹಿಟ್ಟು ಹಾಕಿ, ಮುದ್ದೆ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ತೊಳಸುವಾಗ ಅವಳ ಪ್ರಾರ್ಥನೆ ನಡೆಯುತ್ತಿತ್ತು. ಸೀಮೆಎಣ್ಣೆ ಮುಗಿದದ್ದು, ತಂಗಿಯ ಕೆಮ್ಮು, ಪಕ್ಕದ ಮನೆಯ ಗಂಡ ಹೆಂಡಿರ ಜಗಳ ಎಲ್ಲವೂ ಒಂದೇ ಉಸಿರಿನಲ್ಲಿ ‘ಅಪ್ಪಾ’ ಎಂಬ ಕರೆಯೊಂದಿಗೆ ಹೊರಬರುತ್ತಿದ್ದವು. ಅವಳ ಬೈಬಲಿನಲ್ಲಿ 121ನೆಯ ಕೀರ್ತನೆಯ ಪುಟದ ಅಂಚು ಎಣ್ಣೆ ಕುಡಿದು ಪಾರದರ್ಶಕವಾಗಿದೆ, ಹಿಂದಿನ ಪುಟದ ಅಕ್ಷರಗಳು ಅದರಲ್ಲಿ ಮಸುಕಾಗಿ ಕಾಣುತ್ತವೆ. ಅಡುಗೆಯ ಕೈಯಲ್ಲೇ ಆ ಪುಟವನ್ನು ಅವಳು ಎಷ್ಟು ಸಾರಿ ತಿರುವಿದ್ದಳೋ ತಿಳಿಯದು.

ಇಷ್ಟು ಹೇಳಿದ ಮೇಲೂ, ದಿನದಲ್ಲಿ ಹತ್ತು ನಿಮಿಷವಾದರೂ ಬೇರೆ ಕೆಲಸವಿಲ್ಲದೆ ಕುಳಿತುಕೊಳ್ಳುವುದು ಬೇಕು. ಯೇಸುವೂ ಇನ್ನೂ ಕತ್ತಲಿರುವಾಗಲೇ ಎದ್ದು ಜನವಿಲ್ಲದ ಸ್ಥಳಕ್ಕೆ ಹೋಗುತ್ತಿದ್ದನೆಂದು ಮಾರ್ಕನು ಬರೆದಿದ್ದಾನೆ. ಮನೆಯ ಗಂಡಸರು ಆ ಹತ್ತು ನಿಮಿಷ ಒಲೆಯನ್ನು ನೋಡಿಕೊಂಡರೆ ಅದು ಅವರ ಪಾಲಿನ ಭಕ್ತಿಯೆಂದು ತಿಳಿಯಬಹುದು.

ದೇವರು ತಮ್ಮೊಂದಿಗೆ ಮಾತನಾಡಿದನೆಂದು ಹಲವರು ಸಾಕ್ಷಿ ಹೇಳುತ್ತಾರೆ. ನನಗೆ ಏನೂ ಕೇಳಿಸುವುದಿಲ್ಲ. ಏಕೆ?

ಹೆಚ್ಚಿನ ವಿಶ್ವಾಸಿಗಳಿಗೆ ಕಿವಿಗೆ ಬೀಳುವ ಧ್ವನಿ ಯಾವತ್ತೂ ಕೇಳಿಸಿಲ್ಲ. ‘ದೇವರು ನನಗೆ ಹೇಳಿದನು’ ಎನ್ನುವವರಲ್ಲಿಯೂ ಬಹಳ ಮಂದಿ ಹೇಳುತ್ತಿರುವುದು ಮನಸ್ಸಿಗೆ ಬಲವಾಗಿ ಹೊಳೆದ ಒಂದು ಮಾತಿನ ಬಗ್ಗೆ. ಹಾಗೆ ಹೊಳೆದದ್ದು ದೇವರಿಂದಲೂ ಇರಬಹುದು, ಹಿಂದಿನ ರಾತ್ರಿಯ ಚಿಂತೆಯಿಂದಲೂ ಇರಬಹುದು. ಎಲ್ಲವನ್ನೂ ಪರೀಕ್ಷಿಸಿ ಒಳ್ಳೆಯದನ್ನು ಹಿಡಿದುಕೊಳ್ಳಿರೆಂದು ಪೌಲನು ಥೆಸಲೋನಿಕದವರಿಗೆ ಬರೆದದ್ದು ಇದಕ್ಕಾಗಿಯೇ.

ಕ್ರೈಸ್ತನು ದೇವರ ಮಾತನ್ನು ಕೇಳಿಸಿಕೊಳ್ಳುವ ಮೊದಲ ಸ್ಥಳ ಶಾಸ್ತ್ರ, ಅಂದರೆ ಬೈಬಲ್. ಅದನ್ನು ಕಣ್ಣುಮುಚ್ಚಿ ಬೆರಳಿಟ್ಟು ತೆರೆಯುವುದು ಶಕುನ ನೋಡುವ ಪದ್ಧತಿ, ಓದುವುದಲ್ಲ. ಒಂದು ಸುವಾರ್ತೆಯನ್ನು ಆರಂಭದಿಂದ ಕೊನೆಯವರೆಗೆ ಕ್ರಮವಾಗಿ ಓದುತ್ತ ಹೋದಾಗ ಯೇಸು ಯಾರನ್ನು ಮುಟ್ಟುತ್ತಾನೆ, ಯಾರ ಮೇಲೆ ರೇಗುತ್ತಾನೆ, ಯಾವ ಪ್ರಶ್ನೆಗೆ ನೇರ ಉತ್ತರ ಕೊಡುವುದಿಲ್ಲ ಎಂಬುದು ನಿಧಾನವಾಗಿ ಪರಿಚಯವಾಗುತ್ತದೆ. ಒಬ್ಬರ ಸ್ವಭಾವ ಪರಿಚಯವಾದ ಮೇಲೆ, ಅವರು ಎದುರಿಗಿಲ್ಲದಾಗಲೂ ‘ಇದನ್ನು ಅವರು ಒಪ್ಪುವುದಿಲ್ಲ’ ಎಂದು ನಮಗೆ ತಿಳಿಯುವುದಿಲ್ಲವೇ, ಹಾಗೆ. ಹೋರೇಬ್ ಬೆಟ್ಟದಲ್ಲಿ ಪ್ರವಾದಿ ಎಲೀಯನಿಗೆ ದೇವರು ಬಿರುಗಾಳಿಯಲ್ಲಿ ಸಿಗಲಿಲ್ಲ, ಭೂಕಂಪದಲ್ಲಿ ಸಿಗಲಿಲ್ಲ, ಬೆಂಕಿಯಲ್ಲೂ ಸಿಗಲಿಲ್ಲ. ಅವುಗಳ ನಂತರದ ಮೆಲುದನಿಯಲ್ಲಿ ಸಿಕ್ಕನು.

ಒಂದು ಎಚ್ಚರಿಕೆ: ನಿಮ್ಮ ಮದುವೆ, ಆಸ್ತಿ, ಹಣದ ವಿಷಯದಲ್ಲಿ ‘ದೇವರು ನನಗೆ ತಿಳಿಸಿದ್ದಾನೆ’ ಎಂದು ಬೇರೆಯವರು ಬಂದು ಹೇಳಿದರೆ, ಅವರು ಎಷ್ಟೇ ದೊಡ್ಡ ಸೇವಕರಾಗಿರಲಿ, ಅವಸರಪಡಬೇಡಿರಿ. ದೇವರಿಗೆ ನಿಮ್ಮ ವಿಳಾಸವೂ ಗೊತ್ತಿದೆ.

ಉಪವಾಸವಿದ್ದು ಪ್ರಾರ್ಥಿಸಿದರೂ ಕಾಯಿಲೆ ವಾಸಿಯಾಗಲಿಲ್ಲ. ನನ್ನ ನಂಬಿಕೆ ಸಾಲದೇ?

ನನ್ನ ತಂದೆ ಆಸ್ಪತ್ರೆಯಲ್ಲಿ ಕೊನೆಯ ದಿನಗಳನ್ನು ಕಳೆಯುತ್ತಿದ್ದಾಗ ಪ್ರಾರ್ಥಿಸಲು ಬಂದ ಒಬ್ಬರು, ಹೊರಡುವಾಗ ವರಾಂಡದಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, ಮನೆಯವರ ನಂಬಿಕೆಯಲ್ಲಿ ಕೊರತೆಯಿದೆ ಎಂದರು. ಅವರ ಹೆಸರನ್ನು ಮರೆತಿದ್ದೇನೆ, ಆ ಮಾತನ್ನು ಮರೆಯಲು ಆಗಿಲ್ಲ. ಆದ್ದರಿಂದ ಈ ಪ್ರಶ್ನೆಗೆ ನಾನು ಸಮಾಧಾನದಿಂದ ಉತ್ತರಿಸುತ್ತೇನೆಂದು ಹೇಳಲಾರೆ.

ಪೌಲನು ತನ್ನ ಶರೀರದಲ್ಲಿ ನಾಟಿದ ಶೂಲ ತೊಲಗಲೆಂದು ಮೂರು ಸಾರಿ ಬೇಡಿಕೊಂಡನು. ಅದು ತೊಲಗಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂದಿತು. ಆತನ ಕೈಯಿಂದ ಎಷ್ಟೋ ರೋಗಿಗಳು ಗುಣವಾದರೆಂದು ಅಪೊಸ್ತಲರ ಕೃತ್ಯಗಳಲ್ಲಿದೆ. ಅದೇ ಪೌಲನು ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯ ಕೊನೆಯಲ್ಲಿ, ತ್ರೊಫಿಮನು ಅಸ್ವಸ್ಥನಾಗಿದ್ದುದರಿಂದ ಅವನನ್ನು ಮಿಲೇತದಲ್ಲಿ ಬಿಟ್ಟುಬಂದೆ ಎಂದು ಒಂದೇ ಸಾಲಿನಲ್ಲಿ ಹೇಳುತ್ತಾನೆ. ತ್ರೊಫಿಮನ ನಂಬಿಕೆಯ ಬಗ್ಗೆ ಒಂದು ಮಾತೂ ಇಲ್ಲ. ಇನ್ನು ಗೆತ್ಸೇಮನೆಯಲ್ಲಿ, ಸಂಕಟದ ಈ ಪಾತ್ರೆ ನನ್ನನ್ನು ಬಿಟ್ಟುಹೋಗಲಿ ಎಂದು ಬೇಡಿದವನ ನಂಬಿಕೆಯನ್ನು ಅಳೆಯುವವರು ಯಾರು?

ವಾಸಿಯಾಗುವುದು ಉಂಟು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಏಕೆ ಒಬ್ಬರಿಗೆ ಆಗುತ್ತದೆ, ಇನ್ನೊಬ್ಬರಿಗೆ ಆಗುವುದಿಲ್ಲ ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ. ಆದರೆ ಸಕ್ಕರೆ ಕಾಯಿಲೆಯ, ರಕ್ತದೊತ್ತಡದ, ಮೂರ್ಛೆಯ ಮಾತ್ರೆಗಳನ್ನು ‘ನಂಬಿಕೆಯಿಂದ’ ನಿಲ್ಲಿಸಬೇಡಿರಿ. ನಿಲ್ಲಿಸಲು ಹೇಳುವವರ ಮಾತನ್ನು ಕೇಳಬೇಡಿರಿ. ಪೌಲನ ಜೊತೆಗಾರನಾದ ಲೂಕನು ವೈದ್ಯನಾಗಿದ್ದನು.

ದೇವರೊಂದಿಗೆ ಸರಿಯಾಗಿದ್ದರೆ ಕೆಲಸ, ಸ್ವಂತ ಮನೆ, ವೀಸಾ ಎಲ್ಲವೂ ಆಶೀರ್ವಾದವಾಗಿ ಬರುತ್ತವೆಯೇ?

ಇಲ್ಲ. ಬೇಡಿಕೊಳ್ಳಿರಿ, ತಪ್ಪಿಲ್ಲ. ಆದರೆ ತಲೆಯಿಡಲು ಸ್ಥಳವಿಲ್ಲ ಎಂದವನನ್ನು ಹಿಂಬಾಲಿಸುತ್ತಿದ್ದೇವೆ.

ಮೊದಲು ಹಾಡುವಾಗ ಕಣ್ಣೀರು ಬರುತ್ತಿತ್ತು, ಈಗ ಏನೂ ಅನಿಸುವುದಿಲ್ಲ. ದೇವರು ನನ್ನನ್ನು ಬಿಟ್ಟಿದ್ದಾನೆಯೇ?

ಕಣ್ಣೀರು, ರೋಮಾಂಚನ, ಎದೆಯ ಬೆಚ್ಚಗಿನ ಅನುಭವ ಇವು ಕೆಲವೊಮ್ಮೆ ಕೊಡುಗೆಯಾಗಿ ಬರುತ್ತವೆ. ಮೆಥೊಡಿಸ್ಟ್ ಚಳವಳಿಯ ಮೂಲಪುರುಷ ಜಾನ್ ವೆಸ್ಲಿಗೆ 1738ರ ಮೇ 24ರ ಸಂಜೆ, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ ಎದೆ ಬೆಚ್ಚಗಾಯಿತು. ಅವರು ಅಲ್ಲಿಗೆ ಮನಸ್ಸಿಲ್ಲದ ಮನಸ್ಸಿನಿಂದ ಹೋಗಿದ್ದರೆಂಬುದನ್ನು ಮಾತ್ರ ಈ ಕಥೆ ಹೇಳುವವರು ಬಿಟ್ಟುಬಿಡುತ್ತಾರೆ. ಬೆಚ್ಚಗಾಗದೆಯೇ ಬದುಕಿದವರ ಪಟ್ಟಿ ಇನ್ನೂ ದೊಡ್ಡದು. ಸ್ಪೇನಿನ ಸನ್ಯಾಸಿ ಶಿಲುಬೆಯ ಯೋಹಾನರು ತಮ್ಮ ಸನ್ಯಾಸಿ ಸಭೆಯ ಸಹೋದರರಿಂದಲೇ 1577ರಲ್ಲಿ ಟೊಲೇಡೊ ನಗರದ ಕಿರಿದಾದ ಕೋಣೆಯಲ್ಲಿ ಸೆರೆಯಾದರು, ಹಲವು ತಿಂಗಳ ನಂತರ ತಪ್ಪಿಸಿಕೊಂಡರು. ಆತ್ಮದ ಕತ್ತಲ ರಾತ್ರಿಯ ಬಗ್ಗೆ ಅವರು ಬರೆದದ್ದು ಆ ಬಳಿಕ. ಅವರ ಲೆಕ್ಕದಲ್ಲಿ ಕತ್ತಲು ದೇವರು ದೂರವಾದ ಗುರುತಲ್ಲ, ಅನುಭವದ ಸಿಹಿಯನ್ನು ಬಿಡಿಸಿ ದೇವರನ್ನೇ ಹಿಡಿದುಕೊಳ್ಳಲು ಕಲಿಸುವ ಕಾಲ. ಮದರ್ ತೆರೇಸಾ ತೀರಿಕೊಂಡು 10 ವರ್ಷಗಳಾದ ಮೇಲೆ, 2007ರಲ್ಲಿ, ಅವರ ಪತ್ರಗಳು ಪ್ರಕಟವಾದಾಗ ಜಗತ್ತೇ ಬೆರಗಾಯಿತು. ಕಲ್ಕತ್ತೆಯ ಬೀದಿಗಳಲ್ಲಿ ದುಡಿದ ಹೆಚ್ಚುಕಡಿಮೆ ಅಷ್ಟೂ ವರ್ಷ ಅವರಿಗೆ ದೇವರ ಸಾನ್ನಿಧ್ಯದ ಅನುಭವ ಇರಲಿಲ್ಲ. ಆದರೂ ಬೆಳಗಿನ ಪ್ರಾರ್ಥನೆಯನ್ನು ಬಿಡಲಿಲ್ಲ, ರೋಗಿಗಳ ಮಗ್ಗುಲನ್ನೂ ಬಿಡಲಿಲ್ಲ.

ನನ್ನ ಮಾತಿಗೆ ಹಿಂದಿರುಗುವುದಾದರೆ, ಒಡನಾಟವೆಂಬುದು ಭಾವನೆಯಲ್ಲ. 40 ವರ್ಷ ಸಂಸಾರ ಮಾಡಿದ ದಂಪತಿಗಳು ಸಂಜೆ ಜಗಲಿಯ ಮೇಲೆ ಒಂದೂ ಮಾತಿಲ್ಲದೆ ಅವರೆಕಾಯಿ ಬಿಡಿಸುತ್ತ ಕುಳಿತಿರುವುದನ್ನು ಕಂಡು ಯಾರೂ ಅವರ ಸಂಬಂಧ ಮುರಿದಿದೆ ಎನ್ನುವುದಿಲ್ಲ. 88ನೆಯ ಕೀರ್ತನೆ ಕತ್ತಲು ಎಂಬ ಮಾತಿನಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ಸಮಾಧಾನದ ಒಂದು ಸಾಲೂ ಇಲ್ಲ. ಅಂತಹ ಪ್ರಾರ್ಥನೆಗೂ ಶಾಸ್ತ್ರದಲ್ಲಿ ಜಾಗವಿದೆ.

ಆದರೆ ನಿದ್ರೆ ಹೋಗಿ, ಊಟ ಬೇಡವಾಗಿ, ಬದುಕೇ ಸಾಕೆನಿಸುತ್ತಿದ್ದರೆ ಅದನ್ನು ಆತ್ಮದ ಬರ ಎಂದಷ್ಟೇ ತಿಳಿಯಬೇಡಿರಿ, ವೈದ್ಯರನ್ನು ಕಾಣಿರಿ. ಸಾಯಲು ಬಯಸಿ ಜಾಲಿಗಿಡದ ಕೆಳಗೆ ಮಲಗಿದ ಎಲೀಯನಿಗೆ ದೇವದೂತನು ಪ್ರಸಂಗ ಮಾಡಲಿಲ್ಲ. ರೊಟ್ಟಿ ಕೊಟ್ಟನು, ನೀರು ಕೊಟ್ಟನು, ಇನ್ನೊಮ್ಮೆ ಮಲಗಲು ಬಿಟ್ಟನು.

ಅದೇ ಪಾಪಕ್ಕೆ ಮತ್ತೆ ಮತ್ತೆ ಬೀಳುತ್ತೇನೆ. ಪ್ರಾರ್ಥಿಸಲು ಮುಖವೇ ಇಲ್ಲ. ಏನು ಮಾಡಲಿ?

ಮುಖವಿಲ್ಲದವನಿಗೆ ಯೇಸು ಏನು ಮಾಡಿದನೆಂಬುದು ಯೋಹಾನನ ಸುವಾರ್ತೆಯ 21ನೆಯ ಅಧ್ಯಾಯದಲ್ಲಿದೆ. ಮಹಾಯಾಜಕನ ಅಂಗಳದಲ್ಲಿ ಆಳುಗಳು ಹಾಕಿದ್ದ ಇದ್ದಿಲ ಬೆಂಕಿಯ ಬಳಿ ಚಳಿ ಕಾಯಿಸಿಕೊಳ್ಳುತ್ತ ಪೇತ್ರನು ಯೇಸುವನ್ನು ಅರಿಯೆನೆಂದಿದ್ದನು. ಪುನರುತ್ಥಾನದ ನಂತರ ತಿಬೇರಿಯ ಸಮುದ್ರದ ದಡದಲ್ಲಿ ಯೇಸು ಅವನಿಗೆ ಊಟ ಸಿದ್ಧಮಾಡುತ್ತಾನೆ, ಅಲ್ಲಿಯೂ ಇದ್ದಿಲ ಬೆಂಕಿ. ಈ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಬರುವುದು ಈ ಎರಡೇ ಕಡೆ. ಅದೇ ಹೊಗೆಯ ವಾಸನೆಯ ಎದುರಿಗೆ ಕೂರಿಸಿ, ಮೊದಲು ಸುಟ್ಟ ಮೀನು ರೊಟ್ಟಿ ಕೊಟ್ಟು, ಊಟವಾದ ಮೇಲೆ ನನ್ನನ್ನು ಪ್ರೀತಿಸುತ್ತೀಯಾ ಎಂದು ಮೂರು ಬಾರಿ ಕೇಳಿದನು. ಬಿದ್ದದ್ದು ಮೂರು ಬಾರಿ, ಎತ್ತಿದ್ದೂ ಮೂರು ಬಾರಿ. ತಪ್ಪನ್ನು ಮುಚ್ಚಿಹಾಕಲೂ ಇಲ್ಲ, ಎತ್ತಿ ಆಡಲೂ ಇಲ್ಲ.

ಬಿದ್ದ ದಿನವೇ, ನಾಚಿಕೆ ಇರುವಾಗಲೇ ಪ್ರಾರ್ಥಿಸಿರಿ. ‘ಒಂದು ವಾರ ಸರಿಯಾಗಿದ್ದು ಆಮೇಲೆ ಬರುತ್ತೇನೆ’ ಎಂಬ ಯೋಚನೆ ಬಹಳ ಜನರನ್ನು ವರ್ಷಗಟ್ಟಲೆ ದೂರವಿಟ್ಟಿದೆ. ನಂಬಿಕಸ್ಥರಾದ ಒಬ್ಬರ ಮುಂದೆ ಬಾಯಿಬಿಟ್ಟು ಹೇಳುವುದು ಒಳ್ಳೆಯದು. ಕಥೋಲಿಕರಿಗೆ ಪಾಪನಿವೇದನೆಯ ಸಂಸ್ಕಾರವಿದೆ, ಪ್ರೊಟೆಸ್ಟಂಟರಾದ ನಾವು ಅದನ್ನು ಬಿಟ್ಟೆವು, ಅದರ ಜಾಗದಲ್ಲಿ ಬೇರೇನನ್ನೂ ಸರಿಯಾಗಿ ಕಟ್ಟಿಕೊಳ್ಳಲಿಲ್ಲ. ಇನ್ನು ಪಾಪವು ಮತ್ತೊಬ್ಬರ ಹಣ ಅಥವಾ ಮಾನಕ್ಕೆ ಸಂಬಂಧಿಸಿದ್ದರೆ, ದೇವರ ಮುಂದೆ ಅತ್ತು ಎದ್ದುಹೋಗುವುದು ಸಾಲದು. ಸುಂಕದವನಾಗಿದ್ದ ಜಕ್ಕಾಯನು, ಅನ್ಯಾಯವಾಗಿ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆಂದನು.

ದೇವರೊಂದಿಗೆ ನೇರ ಒಡನಾಟವಿದ್ದ ಮೇಲೆ ಸಭೆ ಏಕೆ? 2020ರ ಲಾಕ್‌ಡೌನ್ ನಂತರ ಮನೆಯಲ್ಲೇ ಮೊಬೈಲಿನಲ್ಲಿ ಆರಾಧನೆ ನೋಡುತ್ತೇವೆ.

ವೈಯಕ್ತಿಕ ಎಂದರೆ ಖಾಸಗಿ ಎಂದರ್ಥವಲ್ಲ. ಕೋಣೆಯ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸು ಎಂದು ಹೇಳಿದ ಅದೇ ಅಧ್ಯಾಯದಲ್ಲಿ ಯೇಸು ಕಲಿಸಿದ ಪ್ರಾರ್ಥನೆ ‘ನಮ್ಮ ತಂದೆಯೇ’ ಎಂದು ಆರಂಭವಾಗುತ್ತದೆ. ಒಬ್ಬರೇ ಕುಳಿತು ಹೇಳುವಾಗಲೂ ‘ನನ್ನ ತಂದೆಯೇ’ ಎನ್ನುವಂತಿಲ್ಲ. ಕಣ್ಣಿಗೆ ಕಾಣುವ ಸಹೋದರನನ್ನು ಪ್ರೀತಿಸದವನು ಕಾಣದ ದೇವರನ್ನು ಪ್ರೀತಿಸಲಾರನೆಂದು ಯೋಹಾನನ ಮೊದಲನೆಯ ಪತ್ರಿಕೆ ಖಂಡಿತವಾಗಿ ಹೇಳುತ್ತದೆ. ಮೊಬೈಲಿನ ಪರದೆಯಲ್ಲಿ ಸಹೋದರನು ನಮಗೆ ತೊಂದರೆ ಕೊಡುವುದಿಲ್ಲ, ಬೇಡವೆನಿಸಿದರೆ ಒರೆಸಿ ಮುಂದಕ್ಕೆ ಹೋಗಬಹುದು. ಬೆಂಚಿನಲ್ಲಿ ಪಕ್ಕಕ್ಕೆ ಕುಳಿತವನನ್ನು ಹಾಗೆ ಮಾಡಲಾಗುವುದಿಲ್ಲ. ನಡೆದಾಡಲಾಗದ ಹಿರಿಯರಿಗೆ, ರಾತ್ರಿ ಪಾಳಿಯವರಿಗೆ ಮೊಬೈಲ್ ಆರಾಧನೆ ದೊಡ್ಡ ಉಪಕಾರ, ಅದನ್ನು ಹೀಗಳೆಯುತ್ತಿಲ್ಲ.

ಸಭೆಯಿಂದ ಜನ ದೂರವಾಗುವುದಕ್ಕೆ ಸಭೆಯೂ ಕಾರಣವೆಂಬುದನ್ನು ಒಪ್ಪಿಕೊಳ್ಳಬೇಕು. ದಕ್ಷಿಣ ಭಾರತದ ಕೆಲವು ಊರುಗಳಲ್ಲಿ ಒಂದೇ ಚರ್ಚಿನ ಸ್ಮಶಾನ ಜಾತಿಗೆ ತಕ್ಕಂತೆ ಭಾಗವಾಗಿದೆ. ಮದುವೆಯ ಮಾತುಕತೆಯಲ್ಲಿ ‘ಮೊದಲು ನೀವು ಯಾರು’ ಎಂಬ ಪ್ರಶ್ನೆ ನಮ್ಮಲ್ಲೂ ಬರುತ್ತದೆ. ಬಲಿಪೀಠದ ಮುಂದೆ ಕಾಣಿಕೆಯನ್ನು ಬಿಟ್ಟು, ಮೊದಲು ಹೋಗಿ ಸಹೋದರನೊಂದಿಗೆ ಸಮಾಧಾನವಾಗು ಎಂದವನ ಮುಂದೆ ಇಂತಹ ಸಭೆಯ ಆರಾಧನೆ ಹೇಗೆ ಕಾಣುತ್ತದೆಯೋ, ಅದನ್ನು ಯೋಚಿಸಲು ನನಗೆ ಧೈರ್ಯ ಸಾಲದು.

ಮನೆಯಲ್ಲಿ ನಾನೊಬ್ಬಳೇ ವಿಶ್ವಾಸಿ. ಅತ್ತೆ ಮಾವಂದಿರೊಂದಿಗೆ ಹೇಗೆ ನಡೆದುಕೊಳ್ಳಬೇಕು?

ಅವರ ದೇವರನ್ನು ಹಳಿಯಬೇಡಿರಿ, ಅವರು ಕೇಳದೆ ಬೋಧಿಸಲು ಹೋಗಬೇಡಿರಿ. ಮಾತಿಲ್ಲದೆ ನಡತೆಯಿಂದಲೇ ಗಂಡಂದಿರು ಗೆಲ್ಲಲ್ಪಡಬಹುದೆಂದು ಪೇತ್ರನ ಮೊದಲನೆಯ ಪತ್ರಿಕೆ ಹೇಳುವುದು ಇಂತಹ ಹೆಣ್ಣುಮಕ್ಕಳಿಗೇ. ಪ್ರಸಾದದ ವಿಷಯದಲ್ಲಿ ಸಭೆಗಳ ಅಭಿಪ್ರಾಯ ಒಂದೇ ತೆರನಾಗಿಲ್ಲ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 8ರಿಂದ 10ನೆಯ ಅಧ್ಯಾಯಗಳನ್ನು ಓದಿ, ನಿಮ್ಮ ಸಭಾಪಾಲಕರೊಂದಿಗೆ ಮಾತನಾಡಿ, ಮನಸ್ಸಾಕ್ಷಿಗೆ ತಕ್ಕಂತೆ ನಡೆಯಿರಿ. ಯಾವ ನಿರ್ಧಾರವಾದರೂ ಅದನ್ನು ಹೇಳುವ ದನಿಯಲ್ಲಿ ಅತ್ತೆಯವರಿಗೆ ಅವಮಾನ ಆಗಬಾರದು. ಆದರೆ ವಿಶ್ವಾಸದ ಕಾರಣಕ್ಕೆ ಹೊಡೆತ ಬೀಳುತ್ತಿದ್ದರೆ ಅದನ್ನು ಸಹಿಸುವುದೇ ಶಿಲುಬೆ ಎಂದು ಯಾರಾದರೂ ಹೇಳಿದರೆ ನಂಬಬೇಡಿರಿ, ನೆರವು ಕೇಳಿರಿ.

ಮಕ್ಕಳಿಗೆ ಇದನ್ನು ಕಲಿಸುವುದು ಹೇಗೆ?

ಕುಟುಂಬ ಪ್ರಾರ್ಥನೆ ಚಿಕ್ಕದಾಗಿರಲಿ. ಮುಕ್ಕಾಲು ಗಂಟೆಯ ಪ್ರಾರ್ಥನೆಯಲ್ಲಿ ಮಂಡಿಯೂರಿದಲ್ಲೇ ನಿದ್ದೆ ಹೋಗಿ ಏಟು ತಿಂದ ಮಕ್ಕಳಲ್ಲಿ ನಾನೂ ಒಬ್ಬ. ಒಂದು ಹಾಡು, ಹತ್ತು ವಚನ, ಮನೆಯವರೆಲ್ಲರಿಂದ ಒಂದೊಂದು ಮಾತು ಸಾಕು. ಅದಕ್ಕಿಂತ ಹೆಚ್ಚಾಗಿ, ಬೆಳಿಗ್ಗೆ ಮಗನ ಮೇಲೆ ಅನ್ಯಾಯವಾಗಿ ರೇಗಿದ ತಂದೆ ಸಂಜೆಯ ಪ್ರಾರ್ಥನೆಗೆ ಮೊದಲು ‘ನಾನು ಮಾಡಿದ್ದು ತಪ್ಪು ಮಗನೇ’ ಎಂದರೆ, ನಮ್ಮ ಸಂಡೇ ಸ್ಕೂಲಿನ ಹಲವು ಪಾಠಗಳ ಕೆಲಸ ಅಲ್ಲಿಯೇ ಆಗಿರುತ್ತದೆ.

ನನಗೆ ಇದೆಲ್ಲ ಹೊಸದು. ಎಲ್ಲಿಂದ ಆರಂಭಿಸಲಿ?

ಮಾರ್ಕನ ಸುವಾರ್ತೆಯಿಂದ. 16 ಅಧ್ಯಾಯಗಳಿವೆ, ದಿನಕ್ಕೊಂದು ಓದಿದರೆ 16 ದಿನ. ಬೆಳಿಗ್ಗೆಯಾದರೂ ಸರಿ, ಮಲಗುವ ಮುನ್ನವಾದರೂ ಸರಿ, ಸ್ಥಳ ಮಾತ್ರ ಒಂದೇ ಇರಲಿ. ಮೊಬೈಲನ್ನು ಬೇರೆ ಕೋಣೆಯಲ್ಲಿಡಿರಿ. ಓದಿದ್ದರಲ್ಲಿ ಅರ್ಥವಾಗದ್ದನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿರಿ, ಭಾನುವಾರ ಯಾರನ್ನಾದರೂ ಕೇಳಬಹುದು. ಆಮೇಲೆ ಆ ದಿನ ನಿಮ್ಮನ್ನು ನಿಜವಾಗಿ ಕಾಡುತ್ತಿರುವ ಒಂದೇ ವಿಷಯವನ್ನು, ಮನೆಯಲ್ಲಿ ಆಡುವ ಭಾಷೆಯಲ್ಲಿ, ತುಳುವಾದರೆ ತುಳುವಿನಲ್ಲಿ, ಕೊಂಕಣಿಯಾದರೆ ಕೊಂಕಣಿಯಲ್ಲಿ, ‘ಅಪ್ಪಾ’ ಎಂದು ಕರೆದು ಹೇಳಿರಿ, ಎರಡು ನಿಮಿಷ ಸುಮ್ಮನಿದ್ದು ಏಳಿರಿ. 17ನೆಯ ದಿನ ಮತ್ತೆ ಮೊದಲನೆಯ ಅಧ್ಯಾಯಕ್ಕೆ ಬನ್ನಿರಿ.